ಎಡ ಬಲ ತಪ್ಪಿದ ಪಾಠ

ದೇವರುಗಳಿಗೂ ಇರಲು ಮನೆಯಿಲ್ಲದ ಕಾಲವೊಂದಿತ್ತಂತೆ. ಆಗ ಅವರೆಲ್ಲ ಹಸುವಿನ ಮೈಯಲ್ಲಿ ಬಂದು ನೆಲೆಸಿದರಂತೆ. ಕೊಂಬಿಗೊಬ್ಬ, ಕಣ್ಣಿಗೊಬ್ಬ, ಗೊರಸಿಗೊಬ್ಬ. ಲಕ್ಷ್ಮಿ ಮಾತ್ರ ತಡವಾಗಿ ಬಂದಳು.

"ಜಾಗವೆಲ್ಲಿದೆ ತಾಯಿ? ಹಿಂದುಗಡೆ ಒಂದಿಷ್ಟು ಉಳಿದಿದೆ," ಎಂದಿತು ಹಸು.

"ಅಷ್ಟು ಸಾಕು," ಎಂದಳು ಲಕ್ಷ್ಮಿ. ಅದಕ್ಕೇ ಹಸುವಿಗೆ ಹಿಂದಿನಿಂದ ಪೂಜೆ.

ಹೊಳೆನರಸೀಪುರದ ಗೋದಮ್ಮ ಈ ಕಥೆಯನ್ನು ಮೊಮ್ಮಗಳು ಇಂಚರಳಿಗೆ ಕೈತುತ್ತಿನ ಜೊತೆ ಉಣಿಸುತ್ತಿದ್ದರು. ಮೊಮ್ಮಗಳು ಬೆಳೆದು ದನದ ಡಾಕ್ಟರಾದಳು. ಕಥೆಯನ್ನು ಮರೆಯಲಿಲ್ಲ... ಬೇಕಾದ ಹೊತ್ತಿಗೆ ಮಾತ್ರ ಅದು ನೆನಪಾಗಲಿಲ್ಲ.

ಅದು 2004ನೇ ಇಸವಿ. ಹೊಸ ಪಶುವೈದ್ಯರಿಗೆ ಕಂಪ್ಯೂಟರಿನಲ್ಲಿ ಪಾಠ ಹೇಳುವ ಪುಟ್ಟ ತರಬೇತಿ ಕೇಂದ್ರವೊಂದು ಹಾಸನದಲ್ಲಿ ಶುರುವಾಗಿತ್ತು. ಓದುವಾಗ ಇಂಚರ ಕಷ್ಟದ ಹೆರಿಗೆಗೆ ಕೈಹಾಕಿದ್ದು ಎರಡೇ ಸಲ. ಇಲ್ಲಿ ಪರದೆಯ ಹಸುವಿಗೆ ನೂರು ಸಲ ಹೆರಿಗೆ ಮಾಡಿಸಬಹುದು. ಅದು ಸಾಯುವುದಿಲ್ಲ.

ಮೊದಲ ದಿನವೇ ಅವಳು ಪರದೆ ನೋಡಿ ನಕ್ಕುಬಿಟ್ಟಳು.

"ಇದೇನ್ರೀ, ಹಸುಗೆ ಕಾಡಿಗೆ ಹಚ್ಚಿದೀರಾ?"

ಪಕ್ಕದಲ್ಲಿ ನಿಂತಿದ್ದವನ ಮುಖ ಕೆಂಪಾಯಿತು. ಚಿತ್ರ ಬರೆದವನು ಅವನೇ, ಹರ್ಷವರ್ಧನ್. ಚನ್ನರಾಯಪಟ್ಟಣದ ಕಡೆಯ ಬೇಸಾಯದ ಮನೆಯವನು.

"ಹಸು ಅಂದ್ರೆ ಮೊದ್ಲು ಕಾಣೋದು ಮುಖ ತಾನೆ, ಮೇಡಂ?"

"ನಮ್ಮಜ್ಜಿ ಕೇಳಿದ್ರೆ ಬೈತಾರೆ. ಲಕ್ಷ್ಮಿ ಇರೋದು ಹಿಂದ್ಗಡೆ."

ಇಬ್ಬರೂ ನಕ್ಕರು. ಆ ನಗುವಿನಲ್ಲಿ ಎಂಥ ಎಚ್ಚರಿಕೆ ಕಳೆದುಹೋಯಿತೆಂದು ಇಬ್ಬರಿಗೂ ತಿಳಿಯಲಿಲ್ಲ.

ಆಮೇಲೆ ಅವಳ ಡಬ್ಬಿಯ ಪುಳಿಯೋಗರೆಯಲ್ಲಿ ಅವನಿಗೆ ಅರ್ಧ ಪಾಲು ಬಂತು. ಅವನು ತೊಳೆದು ಕೊಟ್ಟ ಡಬ್ಬಿಯಲ್ಲಿ ಎರಡು ಕೊಬ್ಬರಿ ಮಿಠಾಯಿ ಇರುತ್ತಿದ್ದವು. ಯಾರೂ ಏನೂ ಹೇಳಲಿಲ್ಲ. ಹೇಳುವುದಕ್ಕೇನು, ದಿನಗಳಿವೆಯಲ್ಲ ಎಂದುಕೊಂಡರು.

ದಿನಗಳಿರಲಿಲ್ಲ.

ದೊಡ್ಡಗದ್ದವಳ್ಳಿಯ ನಂಜಮ್ಮನ ಹಸು ಗೌರಿಗೆ ಹೆರಿಗೆ ನೋವು ಬಂದು ಒಂದು ದಿನ ಕಳೆದಿತ್ತು. ಇಂಚರ ಕೈಹಾಕಿ ನೋಡಿದಳು. ಗರ್ಭಕೋಶ ಹಗ್ಗದಂತೆ ತಿರುಚಿಕೊಂಡಿತ್ತು. ಅದು ಯಾವ ಕಡೆಗೆ ತಿರುಚಿದೆಯೋ ಹಸುವನ್ನೂ ಅದೇ ಕಡೆಗೆ ಉರುಳಿಸಬೇಕು. ಕಣ್ಣು ಮುಚ್ಚಿ ಪರದೆಯ ಚಿತ್ರ ನೆನೆದಳು, ಬಾಣದ ಗುರುತು ನೆನೆದಳು. ಊರವರು ಅವಳು ಹೇಳಿದ ಕಡೆಗೇ ಉರುಳಿಸಿದರು. ಗಂಟು ಬಿಚ್ಚಲಿಲ್ಲ, ಇನ್ನೂ ಬಿಗಿಯಿತು.

ಮಧ್ಯಾಹ್ನದ ಹೊತ್ತಿಗೆ ಗೌರಿಯೂ ಇಲ್ಲ, ಕರುವೂ ಇಲ್ಲ.

ನಂಜಮ್ಮ ಶಪಿಸಲಿಲ್ಲ. ಇಂಚರಳ ರಕ್ತದ ಕೈಯನ್ನೇ ಹಿಡಿದುಕೊಂಡಳು. "ನೀನೇನ್ ಬೇಕೂಂತ ಮಾಡ್ದ್ಯಾ? ಇನ್ನೊಂದ್ ಹಸುಗೆ ಇಂಗಾಗ್ದಂಗೆ ಮಾಡವ್ವ. ಅಷ್ಟ್ ಮಾತ್ ಕೊಡು."

ಇಂಚರ ಮಾತು ಕೊಟ್ಟಳು.

ಅಂದೇ ಸಂಜೆ ಕೇಂದ್ರಕ್ಕೆ ಹೋಗಿ ಹರ್ಷನ ಎದುರೇ ಪಾಠ ತೆರೆದಳು. ಪರದೆಯ ಹಸು ಕಾಡಿಗೆ ಕಣ್ಣಿನಿಂದ ಅವಳನ್ನೇ ನೋಡುತ್ತಿತ್ತು. ಅವಳು ಮೇಜು ಸುತ್ತಿ ಕಂಪ್ಯೂಟರಿನ ಹಿಂದೆ ಹೋದಳು. ಅದರ ಬಾಲ ಇರಬೇಕಾದ ಜಾಗದಲ್ಲಿ ನಿಂತು ಬಲಗೈ ಚಾಚಿದಳು. ಅಯ್ಯೋ... ಪರದೆಯ ಮುಂದೆ ಕೂತವರಿಗೆ ಅದು ಎಡವಾಗಿತ್ತು.

"ನಿಮ್ಮ ಹಸು ನಮ್ಮನ್ನ ನೋಡ್ತಾ ನಿಂತಿದೆ, ಹರ್ಷ. ನಾವು ನಿಲ್ಲೋದು ಅದರ ಹಿಂದೆ."

ಅವನ ಮುಖ ಬಿಳಿಚಿಕೊಂಡಿತು.

ಮರುದಿನ ಕಂಪ್ಯೂಟರಿನಲ್ಲಿ ಆ ಪಾಠವಿರಲಿಲ್ಲ. ಅವನೂ ಇರಲಿಲ್ಲ. ವಾರ ಕಾದಳು. 'ತಪ್ಪು ಮುಚ್ಚಿಟ್ಟು ಓಡಿಹೋದ. ಒಂದು ಕ್ಷಮೆ ಕೂಡ ಕೇಳದೆ...' ಎಂದುಕೊಂಡಳು. ಅತ್ತಳು. ಆಮೇಲೆ ಅಳುವುದನ್ನೂ ಬಿಟ್ಟಳು.

ಮೂರು ವರ್ಷ ಕಳೆಯಿತು. ಅರಕಲಗೂಡಿನಲ್ಲಿ ಕೆಲಸ. ಪ್ರತಿ ಹಸುವಿನ ಹಿಂದೆ ನಿಂತಾಗಲೂ ಅವಳ ಕೈ ಒಂದು ಕ್ಷಣ ಹಿಂಜರಿಯುತ್ತಿತ್ತು. ಗೋದಮ್ಮ ತೀರಿಕೊಂಡರು. ಬಂದ ಗಂಡುಗಳನ್ನೆಲ್ಲ ಕಾರಣ ಹೇಳದೆ ಬೇಡವೆಂದಳು. ಕೊಟ್ಟ ಮಾತು ಹಾಗೇ ಉಳಿದಿತ್ತು.

ಒಮ್ಮೆ ಚನ್ನರಾಯಪಟ್ಟಣದ ದನದ ಆಸ್ಪತ್ರೆಗೆ ಹೋದಾಗ ಬೀರುವಿನಲ್ಲಿ, ಕೇಂದ್ರದವರು ಕೆಲವು ಆಸ್ಪತ್ರೆಗಳಿಗೆ ಹಂಚಿದ್ದ ಆ ಪಾಠದ ಸೀಡಿ ಡಬ್ಬಿ ಕಂಡಿತು. ತೆರೆದರೆ ಸೀಡಿ ಇರಲಿಲ್ಲ. ಒಂದು ಚೀಟಿ ಇತ್ತು.

'ಹೆರಿಗೆ ಪಾಠದ ಚಿತ್ರದಲ್ಲಿ ಎಡ ಬಲ ತಪ್ಪಿದೆ. ತಪ್ಪು ಚಿತ್ರ ಬರೆದ ನನ್ನದು. ಯಾವ ಡಾಕ್ಟರದ್ದೂ ಅಲ್ಲ. ಹರ್ಷವರ್ಧನ್.'

ಕೆಳಗೆ ಗೌರಿ ಸತ್ತ ಮರುದಿನದ ತಾರೀಖು.

"ಆ ಯಪ್ಪ ಬಸ್ಸಲ್ ಬಂದು ಸೀಡಿ ಈಸ್ಕೊಂಡು ಇಲ್ಲೇ ಮುರ್ದಾಕ್ಬುಟ್ರು ಕಣಮ್ಮ," ಎಂದ ಆಸ್ಪತ್ರೆಯ ಜವಾನ ಕೃಷ್ಣಪ್ಪ. ಸೀಡಿ ಹೋಗಿದ್ದ ಆಸ್ಪತ್ರೆಗಳನ್ನೆಲ್ಲ ಹೀಗೇ ಸುತ್ತಿದನಂತೆ. ಅದರಲ್ಲೇ ಕೆಲಸವೂ ಹೋಯಿತಂತೆ. "ಈಗ ಒಳೆನರಸೀಪುರದಾಗೆ ಮದ್ವೆ ವೀಡಿಯೋ ಅಂಗ್ಡಿ ಮಡಗವ್ರೆ."

ಅವಳದೇ ಊರಿನಲ್ಲಿ...

ಅಂಗಡಿಯಲ್ಲಿ ಅವನು ಯಾರದೋ ಧಾರೆಯ ವೀಡಿಯೋ ಜೋಡಿಸುತ್ತಿದ್ದ. ಅವಳು ಚೀಟಿಯನ್ನು ಕೀಬೋರ್ಡಿನ ಮೇಲಿಟ್ಟಳು.

"ನಂಗ್ಯಾಕೆ ಹೇಳ್ಲಿಲ್ಲ?"

"ಯಾವ ಮುಖ ಇಟ್ಕೊಂಡು ಹೇಳ್ಲಿ ಮೇಡಂ? ಅವತ್ತು ನಿಮ್ಮ ಕೈಯ ರಕ್ತ ಇನ್ನೂ ಹೋಗಿರ್ಲಿಲ್ಲ. ಅದನ್ನ ಅಂಟಿಸ್ದೋನು ನಾನು."

"ನಾನು ನಂಜಮ್ಮಂಗೆ ಮಾತು ಕೊಟ್ಟಿದೀನಿ. ಸೀಡಿ ಮುರಿದ್ರೆ ಅದು ತೀರಲ್ಲ. ಹಿಂದಿನಿಂದ ಬರೀರಿ."

ಅಂದಿನಿಂದ ಒಂದು ಹಸುವನ್ನೂ ಬರೆದಿಲ್ಲ, ಕೈ ಬರುವುದಿಲ್ಲ ಎಂದ. ಅವಳು ಎದ್ದು ಹೋಗಲಿಲ್ಲ. ಐದು ಭಾನುವಾರ ಹಿಡಿಯಿತು. ಅವನು ಬರೆದ, ಅವಳು ತಿದ್ದಿದಳು, ಕೊನೆಗೆ ಕನ್ನಡದಲ್ಲಿ ತಾನೇ ದನಿ ಕೊಟ್ಟಳು. ನಡುವೆ ಮೈಸೂರಿನ ಗಂಡೊಂದನ್ನು ಮನೆಯವರು ಒಪ್ಪಿಕೊಂಡ ಸುದ್ದಿ ಹೇಳಿದಳು. ಅವನು ಹೂಂ ಎಂದ. ಅವಳ ಅಗ್ರಹಾರಕ್ಕೂ ಅವನ ಹೊಲಕ್ಕೂ ನಡುವೆ ದಾರಿ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ನಂಜಮ್ಮನ ಮನೆಯಲ್ಲಿ ಟೀವಿ ಮೇಲೊಂದು ಸೀಡಿ ಪ್ಲೇಯರ್ ಇತ್ತು. ಆಸ್ಪತ್ರೆಗಳಿಗೆ ಕಳಿಸುವ ಮೊದಲು, ಅದರಲ್ಲಿ ನೋಡುವಂತೆಯೇ ಹರ್ಷ ಪಾಠವನ್ನು ಸಿದ್ಧಮಾಡಿ ತಂದಿದ್ದ.

'ಮೊದಲು ಹಸುವಿನ ಹಿಂದೆ ಬಂದು ನಿಲ್ಲಿ,' ಎಂದಿತು ಇಂಚರಳ ದನಿ. ಪರದೆಯಲ್ಲಿ ಗರ್ಭಕೋಶ ಮೆಲ್ಲನೆ ಬಿಚ್ಚಿಕೊಂಡಿತು. ಕರು ಹೊರಗೆ ಬಂತು, ತಲೆ ಕೊಡವಿತು.

"ಸೊಂಟದ್ ಮೇಲಿನ್ ಬಿಳಿ ಮಚ್ಚೆ... ನಮ್ ಗೌರಿನೇ ಇದು," ಎಂದಳು ನಂಜಮ್ಮ. "ಅವತ್ತೇ ಇದಿದ್ದಿದ್ರೆ ಉಳ್ಕತ್ತಿದ್ಲು."

ಎದ್ದು ಹೋಗಿ ಪರದೆಯ ಕರುವನ್ನು ಬೆರಳಿನಿಂದ ಸವರಿದಳು.

"ಆಯ್ತು ಬುಡು. ಕೊಟ್ಟ ಮಾತ್ ನಡೆಸ್ದೆ ಕಣವ್ವ."

ಹೊರಗೆ ಖಾಲಿ ಕೊಟ್ಟಿಗೆಯ ಮುಂದೆ ಅವನ ಹಳೆಯ ಮೊಪೆಡ್ ನಿಂತಿತ್ತು.

"ಇಂಚರ," ಎಂದ. ಮೇಡಂ ಇಲ್ಲದೆ ಮೊದಲ ಸಲ. "ನಮ್ಮಿಬ್ರ ಮನೇಲೂ ಒಪ್ಪಲ್ಲ."

"ಗೊತ್ತು."

"ಆದ್ರೂ ನಾನು ನಿಮ್ಮನ್ನ... ಆ ಕಾಡಿಗೆ ಹಸು ದಿನದಿಂದ..."

"ಅದೂ ಗೊತ್ತು. ನಾನೂ. ಮೈಸೂರಿನೋರಿಗೆ ಬೇಡ ಅಂತ ಹೇಳ್ತೀನಿ." ಅವಳು ಮೊಪೆಡ್ಡಿನ ಹತ್ತಿರ ಬಂದಳು. "ತಡವಾಗಿ ಬಂದೆ, ಹರ್ಷ. ಜಾಗ ಉಳಿದಿದ್ಯಾ?"

ಅವನು ಮೊಪೆಡ್ಡಿನ ಸೀಟು ಒರೆಸಿದ.

"ಹಿಂದ್ಗಡೆ ಒಂದಿಷ್ಟು."

"ಅಷ್ಟು ಸಾಕು."