ಹಿಂದಿನ ಸಾಲಿನ ಮಿಸ್

"ನಿಲ್ಸಿ, ನಿಲ್ಸಿ!" ಪಿಯಾನೋ ಮಿಸ್ ಕೀಗಳ ಮೇಲಿಂದ ಕೈ ತೆಗೆದರು. "ಪೀಪಿ, ಇನ್ನೂ ಸ್ವಲ್ಪ ಮೆತ್ತಗೆ, ಮರಿ."

ಮೂವತ್ತು ತಲೆಗಳು ಒಟ್ಟಿಗೆ ಪೀಪಿಯ ಕಡೆ ತಿರುಗಿದವು. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ಪೀಪಿ ಅನ್ನುವುದು ಅಪ್ಪ ಇಟ್ಟ ಅಡ್ಡಹೆಸರು. ಹುಟ್ಟಿದ ದಿನ ಅವಳು ಅತ್ತ ಅಳುವಿಗೆ ಪಕ್ಕದ ವಾರ್ಡಿನವರೂ ಎದ್ದು ಬಂದಿದ್ದರಂತೆ. ಈಗ ಐದನೇ ಕ್ಲಾಸಿಗೆ ಬಂದರೂ ಗಂಟಲು ಹಾಗೇ ಇತ್ತು. ಮೈದಾನದ ಈ ತುದಿಯಲ್ಲಿ ಅವಳು ಕೂಗಿದರೆ, ಆ ತುದಿಯಲ್ಲಿ ಪಿ.ಟಿ. ಸರ್ ಬೆಚ್ಚಿಬಿದ್ದು ಸೀಟಿ ಊದುತ್ತಿದ್ದರು.

ಶನಿವಾರ ಶಾಲೆಯ ಕಾರ್ಯಕ್ರಮದಲ್ಲಿ ಮಕ್ಕಳ ಕ್ವಾಯರ್, ಅಂದರೆ ಗುಂಪುಗಾಯನ. ಅಪ್ಪ ಕೊನೆಯ ಕುರ್ಚಿಯಲ್ಲಿ ಕೂತರೂ 'ಇದು ನನ್ನ ಮಗಳ ದನಿ' ಅಂತ ಅವನಿಗೆ ಗೊತ್ತಾಗಬೇಕು. ಅದಕ್ಕೇ ಪೀಪಿ ಕತ್ತಿನ ನರ ಉಬ್ಬುವ ಹಾಗೆ ಹಾಡುತ್ತಿದ್ದಳು. ಮಿಸ್ ನೋಡಿದರೆ ಇದು ಮೂರನೇ ಸಲ 'ಮೆತ್ತಗೆ' ಅನ್ನುತ್ತಿದ್ದಾರೆ!

ಮತ್ತೆ ಪಿಯಾನೋ ಶುರುವಾಯಿತು. ಪೀಪಿ ತೊಟ್ಟಿಯ ಮೀನಿನ ಹಾಗೆ ಬಾಯಿ ಮಾತ್ರ ಆಡಿಸಿದಳು. 'ನಾನಿಲ್ಲದಿದ್ರೆ ಹಾಡು ಎಷ್ಟು ಸಪ್ಪೆ ಅಂತ ಈಗ ಗೊತ್ತಾಗುತ್ತೆ.'

ಹಾಡು ಎಲ್ಲೂ ನಿಲ್ಲದೆ ಕೊನೆಯವರೆಗೆ ಹೋಯಿತು. ಮಿಸ್ ನಗುತ್ತಲೂ ಇದ್ದರು. ಪೀಪಿ ಹಾಡಿನ ಹಾಳೆಯನ್ನು ಮುದುರಿ ಬ್ಯಾಗಿಗೆ ತುರುಕಿದಳು.

ಮನೆಗೆ ಬಂದವಳೇ ಬ್ಯಾಗ್ ಎಸೆದಳು. "ಅಪ್ಪಾ, ಶನಿವಾರ ನೀನು ಬರೋದು ಬೇಡ. ನಾನು ಕ್ವಾಯರ್ ಬಿಟ್ಟೆ."

ಅಪ್ಪನ ಕೆಲಸ ಪಿಯಾನೋಗಳ ತಂತಿ ಬಿಗಿಮಾಡಿ ಶ್ರುತಿ ಕೂಡಿಸುವುದು. ಅವನು ಚೀಲಕ್ಕೆ ಸಾಮಾನು ತುಂಬುತ್ತಿದ್ದ. "ಬಿಟ್ಟೆ ಅಂತ ಮಿಸ್‌ಗೆ ಹೇಳಿದ್ಯಾ?"

"ನಾಳೆ ಹೇಳ್ತೀನಿ."

"ಹಾಗಾದ್ರೆ ಇವತ್ತು ಪುರುಸೊತ್ತಾಗಿದ್ದೀಯ ಅನ್ನು. ಬಾ, ಟೌನ್ ಹಾಲ್ ಪಿಯಾನೋಗೆ ಕೆಮ್ಮಂತೆ. ಟಾರ್ಚ್ ಹಿಡಿಯೋಕೆ ಒಬ್ರು ಬೇಕು."

ಹಾಲಿನಲ್ಲಿ ಅಪ್ಪ ಪಿಯಾನೋದ ಮುಚ್ಚಳ ಎತ್ತಿದ. ಒಳಗೆ ಸಾಲು ಸಾಲು ತಂತಿಗಳು. ಅವುಗಳ ಸಂದಿಯಿಂದ ಎರಡು ಪೆನ್ಸಿಲ್, ಒಂದು ಹೇರ್ ಕ್ಲಿಪ್ ಹೊರಬಂದವು.

"ಕ್ಲಿಪ್ ನುಂಗಿದ್ರೆ ಯಾರಿಗಾದ್ರೂ ಕೆಮ್ಮು ಬರುತ್ತೆ," ಅಂದ ಅಪ್ಪ. ಪೀಪಿಗೆ ನಗು ಬಂತು. ಆದರೂ ತಾನು ಕೋಪದಲ್ಲಿದ್ದೇನೆ ಅಂತ ನೆನಪಾಗಿ ಮೂತಿ ಊದಿಸಿಕೊಂಡಳು.

ಕೆಲಸ ಮುಗಿಯುವಾಗ ಸಂಜೆ ಆರು. ಹಾಲಿನ ಬಾಗಿಲು ತೆರೆದು ಜನ ಬರತೊಡಗಿದರು. ಊರಿನ ದೊಡ್ಡವರ ಕ್ವಾಯರ್ ಅಭ್ಯಾಸ ಮಾಡುವುದು ಅಲ್ಲೇ. ಖಾಕಿ ಅಂಗಿಯ ಅಂಚೆಯವರು, ಹಲ್ಲಿನ ಡಾಕ್ಟರು, ತೋಳಿಗೆಲ್ಲ ಹಿಟ್ಟು ಮೆತ್ತಿದ್ದ ಬೇಕರಿ ಆಂಟಿ. ಎಲ್ಲರಿಗಿಂತ ಕೊನೆಗೆ, ಏದುಸಿರು ಬಿಡುತ್ತಾ, ಪಿಯಾನೋ ಮಿಸ್!

ಪೀಪಿ ಪರದೆಯ ಹಿಂದೆ ಹಾರಿದಳು. "ಅಪ್ಪಾ, ನಡಿ ಹೋಗೋಣ!"

"ಶ್ರುತಿ ನಿಂತಿದ್ಯೋ ಇಲ್ವೋ ನೋಡ್ದೆ ಹೇಗೆ ಹೋಗೋದು? ಒಂದು ಹಾಡು ಕೇಳೋಣ ಇರು."

ಪಿಯಾನೋದ ಮುಂದೆ ಒಬ್ಬ ಮೀಸೆ ತಾತ ಕೂತರು. ಮಿಸ್ ನೆಟ್ಟಗೆ ಹಿಂದಿನ ಸಾಲಿಗೆ ಹೋಗಿ ನಿಂತರು. ಒಬ್ಬ ಕುಳ್ಳ ಮೇಷ್ಟ್ರು ಸ್ಟೂಲ್ ಹತ್ತಿ ಕೋಲು ಎತ್ತಿದರು. ಹಾಡು ಎದ್ದಿತು. ಎರಡು ಸಾಲು ಮುಗಿಯುವುದರಲ್ಲಿ ಕೋಲು ಟಕಟಕ ಎಂದಿತು.

"ನಿಲ್ಸಿ! ಹಿಂದಿನ ಸಾಲು, ಎಡಗಡೆಯಿಂದ ಎರಡನೆಯವರು... ಹೌದು ಮೇಡಂ, ನೀವೇ. ನಿಮ್ಮೊಬ್ಬರದೇ ದನಿ ಕೇಳ್ತಿದೆ. ತಗ್ಗಿಸಿ."

ಪೀಪಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಅಂಚೆಯವರು ಖೊಳ್ಳನೆ ನಕ್ಕರು. ಮಿಸ್ ನಾಲಿಗೆ ಕಚ್ಚಿಕೊಂಡು, ಪೆನ್ಸಿಲ್ ತೆಗೆದು ಹಾಡಿನ ಹಾಳೆಯ ಮೇಲೆ ಗುರುತು ಹಾಕಿದರು. ಸ್ವಲ್ಪ ಹೊತ್ತಿಗೆ ಮತ್ತೆ ಟಕಟಕ. ಮತ್ತೆ ಅವರೇ!

ಟೀ ಕುಡಿಯಲು ಬಿಟ್ಟಾಗ ಮಿಸ್ ನೇರವಾಗಿ ಪರದೆಯ ಹತ್ತಿರ ಬಂದರು. "ಪರದೆ ಕೆಳಗೆ ನಿನ್ನ ಶೂ ಕಾಣ್ತಿದೆ, ಪೀಪಿ."

ಪೀಪಿ ಹೊರಗೆ ಬಂದಳು. "ನಿಮ್ಗೂ ಬೈತಾರಾ ಮಿಸ್?"

"ವಾರ ವಾರಾನೂ. ನಂದೂ ನಿನ್ನ ಹಾಗೇ ಗಂಟಲು."

"ಕೋಪ ಬರಲ್ವಾ?"

"ಬರುತ್ತೆ. ಬಸ್ ಸ್ಟಾಪ್‌ವರೆಗೂ ಇರುತ್ತೆ."

"ನೀವೊಬ್ರೇ ಪಿಯಾನೋ ನುಡಿಸ್ಬಹುದಲ್ಲ ಮಿಸ್? ಆಗ ಯಾರೂ ಮೆತ್ತಗೆ ಅನ್ನಲ್ಲ."

"ನುಡಿಸ್ತಿದ್ನಲ್ಲ! ಹನ್ನೆರಡು ವರ್ಷ ಊರೂರು ಸುತ್ತಿದ್ದೆ. ದೊಡ್ಡ ಸ್ಟೇಜು, ಒಂದು ಲೈಟು, ನಾನೊಬ್ಳೇ. ಚಪ್ಪಾಳೆ ಚೆನ್ನಾಗೇ ಬೀಳ್ತಿತ್ತು. ಆಮೇಲೆ ರೂಮಿಗೆ ಹೋಗಿ ಗೋಡೆ ನೋಡ್ಕೊಂಡು ಊಟ ಮಾಡ್ತಿದ್ದೆ." ಮಿಸ್ ಟೀ ಊದಿಕೊಂಡರು. "ಆಮೇಲೆ ನಿಮ್ಮ ಸ್ಕೂಲಿಗೆ ಬಂದೆ. ಇಲ್ಲಿ ಹಾಡೋಕೆ ಸೇರ್ಕೊಂಡೆ. ನನ್ನ ಪಕ್ಕ ಆ ಡಾಕ್ಟರ್ ನಿಲ್ತಾರೆ. ಅವ್ರ ದನಿ ಗುಹೆಯಿಂದ ಬಂದ ಹಾಗಿರುತ್ತೆ. ಅದು ಕೇಳಿಸ್ತಿಲ್ಲ ಅಂದ್ರೆ ನಾನು ಕಿರುಚ್ತಿದ್ದೀನಿ ಅಂತ ಅರ್ಥ."

ಪೀಪಿ ಶೂ ನೋಡಿಕೊಂಡಳು. "ನಾನು ಇವತ್ತು ಹಾಡ್ಲೇ ಇಲ್ಲ. ಆದ್ರೂ ನೀವು ನಗ್ತಿದ್ರಿ."

"ಮತ್ತಿನ್ನೇನು? ಅಷ್ಟು ಕೋಪದ ಮೀನನ್ನ ನಾನು ಯಾವತ್ತೂ ನೋಡಿರ್ಲಿಲ್ಲ! ನಾಳೆ ದನಿ ತಗೊಂಡು ಬಾ. ನೀನಿಲ್ದೆ ಎರಡನೇ ಸಾಲು ಬೋಳು ಬೋಳು."

ಮರುದಿನ ಪೀಪಿ ಎರಡನೇ ಸಾಲಿನಲ್ಲಿ ನಿಂತಳು. ಕ್ವಾಯರ್ ಬಿಡುವ ಮಾತು ಎತ್ತಲಿಲ್ಲ. ಅವಳ ಬಲಕ್ಕೆ ಎಂದಿನಂತೆ ಒಬ್ಬ ಕನ್ನಡಕದ ಹುಡುಗಿ ಇದ್ದಳು. ಈ ವರ್ಷವೇ ಶಾಲೆಗೆ ಸೇರಿದವಳು, ಮಾತು ಕಮ್ಮಿ.

ಪೀಪಿ ಹಾಡಿದಳು. ಕೇಳಿದ್ದು ತನ್ನದೇ ದನಿ. ಸ್ವಲ್ಪ ತಗ್ಗಿಸಿದಳು. ಆಗಲೂ ತನ್ನದೇ. ಗಂಟಲು ಕೆರೆಯಿತು, ಜೋರಾಗಿ ಬಿಟ್ಟುಬಿಡೋಣ ಅನ್ನಿಸಿತು. ಹಲ್ಲು ಕಚ್ಚಿ ಇನ್ನೊಂದಿಷ್ಟು ತಗ್ಗಿಸಿದಳು.

ಆಗ ಬಲಗಿವಿಯ ಹತ್ತಿರ ಏನೋ ಕೇಳಿಸಿತು. ಸಣ್ಣ ದನಿ, ಆದರೆ ಒಂದು ಚೂರೂ ನಡುಗದ ದನಿ. ಪೀಪಿ ಎಲ್ಲಿ ಹಾಡುತ್ತಿದ್ದಳೋ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಅದು ಸಲೀಸಾಗಿ ನಡೆಯುತ್ತಿತ್ತು. ಕೇಳುತ್ತಾ ಕೇಳುತ್ತಾ ಪೀಪಿಗೆ ಹಾಡಿನ ಮುಂದಿನ ಸಾಲೇ ಮರೆತುಹೋಯಿತು.

ಹಾಡು ಮುಗಿದ ಕೂಡಲೇ ಅವಳು ಬಲಕ್ಕೆ ತಿರುಗಿದಳು. "ಏಯ್, ಇಷ್ಟು ದಿನಾನೂ ಹೀಗೇ ಹಾಡ್ತಿದ್ಯಾ?"

"ಹ್ಞೂಂ."

"ನಂಗೆ ಕೇಳ್ಸೇ ಇರ್ಲಿಲ್ಲ ಕಣೇ!"

ಹುಡುಗಿ ಕನ್ನಡಕವನ್ನು ಮೇಲಕ್ಕೆ ತಳ್ಳಿಕೊಂಡಳು. "ನಂಗೂ ಕೇಳಿಸ್ತಿರ್ಲಿಲ್ಲ," ಅಂದಳು.

ಮಿಸ್ ಮತ್ತೆ ಕೈ ಎತ್ತುವಷ್ಟರಲ್ಲಿ ಪೀಪಿ ಒಂದು ಹೆಜ್ಜೆ ಬಲಕ್ಕೆ ಸರಿದು, ಭುಜಕ್ಕೆ ಭುಜ ತಾಗುವ ಹಾಗೆ ನಿಂತಳು.