ಏರುತ್ತಿದ್ದ ಗೆರೆ

ಗೋಡೆಯ ಪರದೆಯ ಮೇಲೆ ಪಣದ ಚಕ್ರ ತಿರುಗಿದ್ದೇ ತಡ, ಶಶಾಂಕನ ಕೈ ಜೇಬಿನ ಕಡೆ ಹೋಗುವ ಮೊದಲೇ ಬೆರಳಿನ ಉಂಗುರ ಮೆಲ್ಲಗೆ ಬಿಗಿಯಿತು. ಫೋನು ತೆಗೆದು ನೋಡಿದರೆ ಜೂಜಿನ ಆಟಗಳೆಲ್ಲ ಮಾಯ. ಇನ್ನು ಅರ್ಧ ಗಂಟೆ ಅವು ತೆರೆಯುವುದಿಲ್ಲ. ಆನ್‌ಲೈನ್ ಜೂಜಿನ ಬಗ್ಗೆ ಸರ್ಕಾರ ನೇಮಿಸಿದ್ದ ವಿಚಾರಣಾ ಸಮಿತಿಯವರು ಕುರ್ಚಿಯಿಂದ ಮುಂದಕ್ಕೆ ಬಾಗಿ ನೋಡಿದರು.

“ಆಡಬೇಕು ಅಂತ ನನಗೆ ಅನ್ಸೋಕ್ಕೂ ಮುಂಚೆ ಇದಕ್ಕೆ ಗೊತ್ತಾಗುತ್ತೆ ಸಾರ್,” ಎಂದ ಶಶಾಂಕ. “ನಮ್ಮತ್ತಿಗೆ ಮಾಡಿದ್ದು. ಇಲ್ಲದಿದ್ರೆ ನಾನು ಮನೆಮಠ ಕಳ್ಕೊಂಡು ಬೀದೀಲಿರ್ತಿದ್ದೆ.”

ಅತ್ತಿಗೆ ಎಂದರೆ ಪಕ್ಕದಲ್ಲೇ ಕೂತಿದ್ದ ಡಾಕ್ಟರ್ ಕುಮುದಾ. ನಾಡಿಯ ಏರಿಳಿತ, ಬೆವರಿನ ತೇವ, ಇವೆರಡರಿಂದ ತುಡಿತವನ್ನು ಹುಟ್ಟುವಲ್ಲೇ ಹಿಡಿಯುವ ಆ ಉಂಗುರ ತಯಾರಾದದ್ದು ಮೈಸೂರಿನ ಅವಳ ಪ್ರಯೋಗಾಲಯದಲ್ಲಿ. ಮೈದುನನನ್ನು ಆ ಚಟಕ್ಕೆ ನೂಕಿದವಳೂ ಅವಳೇ.

ಸಂಶೋಧನೆಯ ಆರಂಭದಲ್ಲಿ, ಚಟ ಹಿಡಿದವರೊಡನೆ ಹೋಲಿಸಿ ನೋಡಲು ಜೂಜಿನ ಗಂಧಗಾಳಿ ಇಲ್ಲದವನೊಬ್ಬ ಬೇಕಾಗಿದ್ದ. ದೀಪಾವಳಿಯಂದು ಮನೆಮಂದಿಯೆಲ್ಲ ಇಸ್ಪೀಟಿಗೆ ಕೂತರೂ ಎಲೆ ಮುಟ್ಟದೆ, ಎಲ್ಲರಿಗೂ ಬೋಂಡ ಕರಿಯುತ್ತ ನಿಲ್ಲುವ ಶಶಾಂಕನಿಗಿಂತ ಒಳ್ಳೆಯವನು ಎಲ್ಲಿ ಸಿಗಬೇಕು? ಪ್ರಯೋಗಾಲಯದ ದುಡ್ಡು ಕೊಟ್ಟು ಅವನನ್ನು ಆನ್‌ಲೈನ್ ಆಟಕ್ಕೆ ಕೂರಿಸಿದಳು. ಆಗಿನ್ನೂ ಉಂಗುರ ಇರಲಿಲ್ಲ. ಸೋತ ಮೇಲೆ ಮತ್ತೆ ಪಣ ಕಟ್ಟಲು ಅವನ ಬೆರಳು ಎಷ್ಟು ಅವಸರಪಡುತ್ತದೆ ಎಂಬುದನ್ನಷ್ಟೇ ಫೋನು ದಾಖಲಿಸುತ್ತಿತ್ತು. ಕೆಲವೇ ವಾರಗಳಲ್ಲಿ ಆ ಅವಸರದ ಗೆರೆ ಅವಳ ಕಂಪ್ಯೂಟರಿನಲ್ಲಿ ಏರತೊಡಗಿತು. ನಿಲ್ಲಿಸಬೇಕಿತ್ತು. ಆದರೆ ಅಷ್ಟು ಸ್ಪಷ್ಟವಾದ ಗೆರೆಯನ್ನು ಅವಳು ಎಲ್ಲೂ ಕಂಡಿರಲಿಲ್ಲ. ಇನ್ನೊಂದು ವಾರ ನೋಡೋಣ ಎಂದುಕೊಂಡಳು, ಆಮೇಲೆ ಇನ್ನೊಂದು. ಪ್ರಯೋಗ ಮುಗಿದರೂ ಶಶಾಂಕನ ಆಟ ಮುಗಿಯಲಿಲ್ಲ. ಎಲ್ಲ ತನ್ನ ದೌರ್ಬಲ್ಯವೆಂದೇ ಅವನು ಇವತ್ತಿಗೂ ನಂಬಿದ್ದ. ಅವಳು ನಂಬಲು ಬಿಟ್ಟಿದ್ದಳು.

ಆಟದ ಕಂಪನಿಯ ವಕೀಲರು ಎದ್ದರು. “ಉಂಗುರ ಚೆನ್ನಾಗಿದೆ. ಆದರೆ ನಮಗೆ ಕಾಣೋದು ಗಿರಾಕಿಯ ಬೆರಳು ಫೋನು ಒತ್ತೋದು ಮಾತ್ರ. ಲಕ್ಷಾಂತರ ಜನ ಆಡ್ತಾರೆ. ಅದರಲ್ಲಿ ಯಾರು ಚಟಕ್ಕೆ ಬೀಳ್ತಿದ್ದಾರೆ ಅಂತ ನಮಗೆ ಹೇಗೆ ಗೊತ್ತಾಗಬೇಕು? ಡಾಕ್ಟರೇ ಹೇಳಲಿ.”

ಗೊತ್ತಾಗುವುದಿಲ್ಲ ಎಂದುಬಿಟ್ಟರೆ ಮೈದುನನ ಕಣ್ಣಲ್ಲಿ ಅವಳು ದೇವರಾಗಿಯೇ ಇರಬಹುದಿತ್ತು. ಕಂಪನಿಯೂ ಬಚಾವಾಗುತ್ತಿತ್ತು. ಕುಮುದಾ ಅವನ ಮುಖ ನೋಡಲಾರದೆ ಮೇಜು ನೋಡಿದಳು.

“ಗೊತ್ತಾಗುತ್ತೆ. ಬೆರಳೇ ಸಾಕು. ಶಶಾಂಕ ಜಾರ್ತಿರೋದು ನನಗೆ ಪ್ರಯೋಗದಲ್ಲೇ ಕಂಡಿತ್ತು. ಗೆರೆ ಎಲ್ಲೀವರೆಗೆ ಏರುತ್ತೋ ನೋಡೋಣ ಅಂತ ಸುಮ್ಮನೆ ಕೂತಿದ್ದೆ.”

ಸಮಿತಿಯ ಅಧ್ಯಕ್ಷೆ ಕೇಳಿದರು, “ಹೀಗೆ ಪತ್ತೆ ಹಚ್ಚೋದು ಯಾವಾಗಿನಿಂದ ಸಾಧ್ಯ ಇತ್ತು?”

“ಫೋನಿನಲ್ಲಿ ಜೂಜು ಶುರುವಾದಾಗಿನಿಂದ, ಮೇಡಂ. ನಮ್ಮ ಅಪ್ಪ ಅಮ್ಮನ ಕಾಲದ ಫೋನುಗಳಲ್ಲೂ ಇದು ಕಾಣ್ತಿತ್ತು. ಆಟ ನಡೆಸೋರೂ ನನ್ನ ಹಾಗೆ ನೋಡ್ತಾನೇ ಇದ್ದರು.”

ಶಶಾಂಕ ಕೂಗಾಡಲಿಲ್ಲ. ಅತ್ತಿಗೆಯ ಕಡೆ ತಿರುಗಿದ.

“ಕಂಡಾಗಲೇ ‘ಸಾಕು, ಏಳೋ’ ಅಂತ ಒಂದು ಮಾತು ಹೇಳಿದ್ದಿದ್ರೆ,” ಎಂದ, “ಆವಾಗ ಎದ್ದುಬಿಡ್ತಿದ್ದೆನಲ್ಲ, ಅತ್ತಿಗೆ.”