ಒಮ್ಮೆ ಮಾತ್ರ ಸಿಡಿದ ಹಿತ್ತಾಳೆ

ಡ್ವೇನ್ ಕಿಟ್ರೆಜ್ ರೈಫಲ್ಲಿನ ನಳಿಗೆಯನ್ನು ನೇರವಾಗಿ ನನ್ನ ಹೊಟ್ಟೆಗೆ ಹಿಡಿದ. ಜೇಬಿನಿಂದ ಒಂದು ತೋಟಾ ತೆಗೆದು ಒಳಗೆ ತುರುಕಿದ. ಗೂಡು ಮುಚ್ಚುವ ಬೋಲ್ಟನ್ನು ಮುಂದಕ್ಕೆ ತಳ್ಳಿದ.

ಬೋಲ್ಟು ಮುಚ್ಚಲಿಲ್ಲ.

ಮತ್ತೆ ತಳ್ಳಿದ. ಅಂಗೈಯಿಂದ ಗುದ್ದಿದ. ಮುಖ ಕೆಂಪೇರಿತು.

ಊಹೂಂ...

ನನಗೆ ನಗು ಬಂತು. ಸಾಯುವ ಹೊತ್ತಿನಲ್ಲಿ ನಗಬಾರದು ಅಂತ ನನಗೂ ಗೊತ್ತು. ನನ್ನ ಜಾಗದಲ್ಲಿದ್ದರೆ ನೀವೂ ನಗುತ್ತಿದ್ದಿರಿ.

“ನಗ್ಬೇಡ ಕೋರಾ.”

“ಆ ರೈಫಲ್ಲು ಯಾರ್ದು ಡ್ವೇನ್?”

“ಆರ್ವಿಲ್‌ದು. ರಿಪೇರಿಗೆ ಬಂದಿದೆ. ಅದೆಲ್ಲ ನಿಂಗ್ಯಾಕೆ?”

“ತೋಟಾ?”

“ನಂದು.”

“ಅದಕ್ಕೇ ಕಣಯ್ಯ.”

ಹೇಳುತ್ತೇನೆ ಕೇಳಿ. ನಮ್ಮ ಮೊಂಟಾನಾದಲ್ಲಿ ಗುಂಡು ಹೊಡೆದ ಮೇಲೆ ಖಾಲಿ ಹಿತ್ತಾಳೆ ಕೇಸನ್ನು ಯಾರೂ ಬಿಸಾಡುವುದಿಲ್ಲ. ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಹಾಕಿ, ಮದ್ದು ತುಂಬಿ, ಮೂತಿಗೆ ಗುಂಡು ಕೂರಿಸಿ ಮತ್ತೆ ಹೊಡೆಯುತ್ತಾರೆ. ಒಮ್ಮೆ ಸಿಡಿದರೆ ಕೇಸು ಉಬ್ಬಿ ಆ ರೈಫಲ್ಲಿನಲ್ಲಿ ತೋಟಾ ಕೂರುವ ಗೂಡಿನ ಆಕಾರಕ್ಕೇ ಬಂದುಬಿಡುತ್ತದೆ. ಉಳಿದವರೆಲ್ಲ ಅದನ್ನು ಅಚ್ಚಿನಲ್ಲಿ ಒತ್ತಿ ಹಳೆಯ ಅಳತೆಗೆ ತರುತ್ತಾರೆ. ಡ್ವೇನ್ ತರುವುದಿಲ್ಲ. ಒತ್ತಿದಷ್ಟೂ ಹಿತ್ತಾಳೆಯ ಆಯಸ್ಸು ಕಡಿಮೆಯಂತೆ. ಗುಂಡು ಕೂರುವ ಕತ್ತನ್ನಷ್ಟೇ ಬಿಗಿ ಮಾಡಿ ಬಿಡುತ್ತಾನೆ. ತನ್ನ ಕೇಸು ಊರಲ್ಲೆಲ್ಲ ಹೆಚ್ಚು ಬಾಳುತ್ತದೆ ಅಂತ ಕಾಫಿ ಹೋಟೆಲಿನಲ್ಲಿ ಕೂತು ಜಂಬ ಕೊಚ್ಚುತ್ತಾನೆ. ಬಾಳುತ್ತದೆ, ಸುಳ್ಳಲ್ಲ. ಆದರೆ ಅದು ಅವನ ರೈಫಲ್ಲಿಗೆ ಬಿಟ್ಟು ಬೇರೆ ಯಾರದಕ್ಕೂ ಹೋಗುವುದಿಲ್ಲ.

“ನಿನ್ನ ಜಿಪುಣತನ ನನ್ನ ಜೀವ ಉಳಿಸ್ತು ನೋಡು,” ಅಂದೆ.

ಅವನು ಇನ್ನೂ ಬೋಲ್ಟಿನ ಜೊತೆ ಗುದ್ದಾಡುತ್ತಿದ್ದ.

ನಾನು ಬಕಲ್ ಕ್ರೀಕ್ ಊರಿನ ಖಾಸಗಿ ಪತ್ತೇದಾರಿ. ಕಳೆದುಹೋದ ದನ, ಓಡಿಹೋದ ಗಂಡ, ಸುಳ್ಳು ಇನ್ಶೂರೆನ್ಸು... ಹೊಟ್ಟೆಪಾಡು ನಡೆಯುತ್ತದೆ. ಈ ಸಲ ಓಸ್ಬಿ ಅನ್ನುವ ರೈತನ ಹೆಂಡತಿ ಕರೆಸಿದ್ದಳು. ಹೋದ ತಿಂಗಳು ಓಸ್ಬಿ ಗುಂಡು ಹೊಡೆದಾಗ ಕೇಸು ಬುಡದ ಹತ್ತಿರ ಎರಡು ತುಂಡಾಯಿತು. ಬೆಂಕಿಯಂಥ ಗಾಳಿ ಹಿಂದಕ್ಕೆ ನುಗ್ಗಿ ಒಂದು ಕಣ್ಣು ಹೋಯಿತು. ಆ ಕೇಸು ಮಾರಿದವನು ಯಾರು ಅಂತ ಹುಡುಕಿಕೊಂಡು, ಕೋವಿ ರಿಪೇರಿ ಮಾಡಿ ಹಳೇ ಕೇಸು ಮಾರುವ ಡ್ವೇನ್‌ನ ಶೆಡ್ಡಿಗೆ ಬಂದಿದ್ದೆ. ಓಸ್ಬಿಯ ಮುಖವನ್ನೇ ನೋಡಿಲ್ಲ ಅಂದ. ಅವನು ರೈಫಲ್ಲು ಎತ್ತುವ ಮುಂಚಿನ ಮಾತು ಇದು.

ಮೂಲೆಯಲ್ಲಿ ಡ್ರಮ್ಮು ಗುರ್ ಅಂತ ತಿರುಗುತ್ತಿತ್ತು. ಅದರ ತುಂಬ ಅಕ್ರೋಟ್ ಚಿಪ್ಪಿನ ಪುಡಿ. ಅದರಲ್ಲಿ ಉರುಳಿ ಉರುಳಿ ಹಳೆಯ ಕೇಸುಗಳೆಲ್ಲ ಮದುವೆಮನೆ ಪಾತ್ರೆಯ ಹಾಗೆ ಫಳಫಳ ಹೊಳೆಯುತ್ತಿದ್ದವು. ಒಂದನ್ನು ಎತ್ತಿಕೊಂಡೆ. ತುದಿ ಬಗ್ಗಿಸಿದ ಪೇಪರ್ ಕ್ಲಿಪ್ಪನ್ನು ಒಳಗಿಳಿಸಿ, ಗೋಡೆಗೆ ತಾಗಿಸಿ ಮೇಲಕ್ಕೆಳೆದೆ. ಬುಡದ ಹತ್ತಿರ ತಂತಿ ತಡೆಯಿತು. ಒಳಗೆ ಸುತ್ತಲೂ ಒಂದು ತೋಡು. ಸಿಡಿದು ಸಿಡಿದು ಹಿತ್ತಾಳೆ ಹಿಗ್ಗಿ ಅಲ್ಲಿ ಕಾಗದದಷ್ಟು ತೆಳುವಾಗಿತ್ತು. ಇನ್ನೊಂದು ಎತ್ತಿ ನೋಡಿದೆ. ಅದೂ ಹಾಗೇ.

“ಇದನ್ನ ಒಮ್ಮೆ ಮಾತ್ರ ಹೊಡೆದ ಮಾಲು ಅಂತ ಮಾರ್ತೀಯಾ?”

“ಫಿನ್ಲೆಂಡಿನ ಮಾಲು ಕೋರಾ. ಇದಕ್ಕಿಂತ ಗಟ್ಟಿ ಎಲ್ಲಿದೆ ತೋರ್ಸು. ಬುಡದ ಮುದ್ರೆ ನೋಡು ಬೇಕಾದ್ರೆ.”

“ಮುದ್ರೇಲಿ ಹುಟ್ಟಿದ್ದೆಲ್ಲಿ ಅಂತ ಇದೆ. ವಯಸ್ಸೆಷ್ಟು ಅಂತ ಇಲ್ಲ.”

“ಯಾರೂ ಕೇಳದೇ ಇರೋದನ್ನ ನೀನು ಕೇಳ್ತೀಯ. ನಿಮ್ಮತ್ತೇನೇ ಒಂದು ಡಬ್ಬಿ ತಗೊಂಡು ಹೋದ್ರು. ಇವತ್ತು ರೇಂಜಲ್ಲಿ ನಡೆಯೋ ಗುರಿ ಸ್ಪರ್ಧೆಯ ಫೈನಲ್ಲಿಗೆ ಅಂತ.”

ಕೈಯಲ್ಲಿದ್ದ ಎರಡು ಕೇಸನ್ನೂ ಕ್ಲಿಪ್ಪನ್ನೂ ಜೇಬಿಗಿಳಿಸಿದೆ.

ಮಾರ್ಲಿಸ್ ಹೆಗ್‌ಸ್ಟಾಡ್ ನನ್ನ ಮಾಜಿ ಗಂಡನ ತಾಯಿ. ಡೈವೋರ್ಸಿನಲ್ಲಿ ಮನೆ ಅವನ ಪಾಲಿಗೆ ಹೋಯಿತು, ನನಗೆ ಅತ್ತೆ ಉಳಿದರು. ಲಾಭ ನನ್ನದೇ. ಅವರ ಮುಂದೆ ಮಾತ್ರ ಸತ್ತರೂ ಹಾಗನ್ನುವುದಿಲ್ಲ. ಚಿಕ್ಕಂದಿನಲ್ಲಿ ಕುದುರೆ ಒದ್ದು ಅವರ ಎಡಗಣ್ಣು ಹೋಗಿದೆ. ಉಳಿದಿರುವ ಒಂದೇ ಬಲಗಣ್ಣಿನಲ್ಲಿ ರಾಜ್ಯದ ಗಂಡಸರನ್ನೆಲ್ಲ ಸೋಲಿಸಿದ್ದಾರೆ.

ಆ ಒಂದು ಕಣ್ಣು ಇವತ್ತು ಡ್ವೇನ್‌ನ ಹಿತ್ತಾಳೆಯ ಹಿಂದೆ ಕೂತಿತ್ತು.

ತಮಾಷೆ ಏನು ಗೊತ್ತೇ? ನನಗೂ ಅತ್ತೆಗೂ ಇರುವ ಜಗಳವೇ ಇದು. ಊಟಕ್ಕೆ ಕೂತರೆ ಶುರು.

“ನಮ್ಮ ದೇಶದ ಹಿತ್ತಾಳೆ ಮೆತ್ತಗೆ ಅತ್ತೆ. ನಾಲ್ಕು ಸಲ ಹೊಡೆದ್ರೆ ಕೇಪು ಕೂರೋ ಗುಂಡಿ ಸಡಿಲ. ಆಮೇಲೆ ಕತ್ತು ಸೀಳುತ್ತೆ.”

“ಸೀಳುತ್ತೆ, ನಿನ್ನ ಹಾಗೆ ಸೋಮಾರಿ ಆದ್ರೆ. ಕತ್ತು ಕಾಯಿಸಿ ಹದ ಮಾಡ್ಕೊಂಡ್ರೆ ನಮ್ದೂ ಬಾಳುತ್ತೆ.”

“ಫಿನ್ಲೆಂಡಿಂದು ನೋಡಿ. ಎಲ್ಲಾ ಒಂದೇ ತೂಕ. ಗೋಡೆ ಒಂದೇ ದಪ್ಪ. ನೋಡೋಕೂ ಲಕ್ಷಣ.”

“ನನ್ನ ಮಗನ್ನೂ ನೀನು ಲಕ್ಷಣ ನೋಡೇ ಮೆಚ್ಚಿದ್ದು. ಎಷ್ಟು ದಿನ ಬಾಳ್ದ ಅವನು?”

ನಾನು ಆಲೂಗೆಡ್ಡೆಯ ಬಟ್ಟಲು ಎಳೆದುಕೊಳ್ಳುತ್ತೇನೆ.

ಅಂಥವರು ಗುಟ್ಟಾಗಿ ಹೋಗಿ ಫಿನ್ಲೆಂಡಿನ ಕೇಸು ತಂದಿದ್ದರು. ನನಗೆ ಗೊತ್ತಾದರೆ ವರ್ಷವಿಡೀ ಆಡಿಕೊಳ್ಳುತ್ತೇನೆ ಅನ್ನುವ ಭಯ. ಅದಕ್ಕೇ ಬಾಗಿಲು ಹಾಕಿಕೊಂಡು, ತಂತಿ ಇಳಿಸಿ ನೋಡುವ ವ್ಯವಧಾನವೂ ಇಲ್ಲದೆ, ಗಡಿಬಿಡಿಯಲ್ಲಿ ತಮ್ಮ ಅಚ್ಚಿನಲ್ಲಿ ಒತ್ತಿ ಮದ್ದು ತುಂಬಿದ್ದರು. ಇದೆಲ್ಲ ಆಮೇಲೆ ಅವರೇ ಬಾಯಿಬಿಟ್ಟದ್ದು.

“ನಾನು ರೇಂಜಿಗೆ ಹೋಗ್ತಿದ್ದೀನಿ,” ಅಂದಿದ್ದೆ. ಡ್ವೇನ್ ಬಾಗಿಲಿಗೆ ಅಡ್ಡ ನಿಂತು ಕೈಗೆ ಸಿಕ್ಕ ರೈಫಲ್ಲು ಎತ್ತಿದ್ದು ಆಗಲೇ.

ಈಗ ಆ ಬೋಲ್ಟು ಅರ್ಧಕ್ಕೆ ಸಿಕ್ಕಿಕೊಂಡಿತ್ತು. ನಾನು ಡ್ರಮ್ಮಿನೊಳಗೆ ಎರಡೂ ಕೈ ಹಾಕಿ, ಅಕ್ರೋಟ್ ಪುಡಿಯನ್ನು ಬಾಚಿ ಅವನ ಮುಖಕ್ಕೆರಚಿದೆ.

“ಅಯ್ಯೋ, ಕಣ್ಣು... ನನ್ನ ಕಣ್ಣು!”

“ಓಸ್ಬಿನೂ ಹೀಗೇ ಕೂಗಿದ್ನಂತೆ.”

ಅವನನ್ನು ಪಕ್ಕಕ್ಕೆ ತಳ್ಳಿ ಹೊರಗೋಡಿದೆ. ಜೇಬಿನಲ್ಲಿ ಅದೇ ಎರಡು ಕೇಸು.

ಫೋನು ಮಾಡಬಾರದಿತ್ತೇ ಅಂತೀರಾ? ರೇಂಜು ಇರುವ ಕಣಿವೆಯಲ್ಲಿ ಸಿಗ್ನಲ್ಲಿಲ್ಲ. ಇದ್ದರೂ ಅಷ್ಟೇ... ಅತ್ತೆ ರೈಫಲ್ಲಿನ ಹಿಂದೆ ಕೂತಾಗ ದೇವರೇ ಕರೆದರೂ ಎತ್ತುವುದಿಲ್ಲ.

ನನ್ನ ಪಿಕಪ್ ಗಾಡಿ ಮುದಿಯಾಗಿದೆ. ಜಲ್ಲಿ ರಸ್ತೆಯಲ್ಲಿ ಅದರ ಕೀಲೆಲ್ಲ ಮಾತಾಡುತ್ತವೆ. ಕನ್ನಡಿಯಲ್ಲಿ ನೋಡಿದೆ. ಹಿಂದೆ ದೂಳಿನ ಮೋಡ. ಮೋಡದೊಳಗೆ ಡ್ವೇನ್‌ನ ಕರಿ ಗಾಡಿ.

ಹತ್ತಿರ ಬಂದ. ಹಿಂದಿನಿಂದ ಒಂದು ಗುದ್ದು ಕೊಟ್ಟ.

ಸ್ಟೀರಿಂಗು ಕೈಯಿಂದ ಜಾರಿತು. ಹಿಡಿದೆ. ಇನ್ನೊಂದು ಗುದ್ದು.

ಎದುರಿಗೆ ಹುಲ್ಲು ಕೊಯ್ಯುವ ಯಂತ್ರ. ಇಡೀ ರಸ್ತೆ ತನ್ನದೇ ಅನ್ನುವ ಹಾಗೆ ತೆವಳಿಕೊಂಡು ಬರುತ್ತಿತ್ತು. ನಾನು ಹಾರ್ನ್ ಒತ್ತಿದೆ. ಅದರ ಮೇಲೆ ಕೂತಿದ್ದ ಮುದುಕ ಕೈ ಬೀಸಿದ. ಪಾಪ, ನಮಸ್ಕಾರ ಹೇಳುತ್ತಿದ್ದೇನೆ ಅಂದುಕೊಂಡ. ಗಾಡಿಯನ್ನು ಪಕ್ಕದ ಚರಂಡಿಗಿಳಿಸಿದೆ. ತಲೆ ಮೇಲಿನ ತಗಡಿಗೆ ಬಡಿಯಿತು, ನಾಲಿಗೆ ಕಚ್ಚಿಕೊಂಡೆ. ಯಂತ್ರ ದಾಟಿ ಮತ್ತೆ ರಸ್ತೆಗೇರಿದೆ. ಡ್ವೇನ್ ಬ್ರೇಕು ಹಾಕಿದ ಸದ್ದು ಕೇಳಿಸಿತು. ಸ್ವಲ್ಪ ಪುರುಸೊತ್ತು ಸಿಕ್ಕಿತು.

ರೇಂಜಿನಲ್ಲಿ ಗುಂಡು ಹಾರುತ್ತಿದೆ ಅನ್ನುವ ಕೆಂಪು ಬಾವುಟ ಏರಿತ್ತು. ಸಾಲಾಗಿ ಬೆಂಚುಗಳು. ಎಲ್ಲರ ಕಿವಿಗೂ ಮುಚ್ಚಳ. ಕೊನೆಯ ಬೆಂಚಿನಲ್ಲಿ ಬಿಳಿ ಜಡೆ, ನೀಲಿ ಅಂಗಿ... ಅತ್ತೆ. ಕೆನ್ನೆಯನ್ನು ರೈಫಲ್ಲಿಗೆ ಒತ್ತಿದ್ದರು.

ಹಿಂದಿನಿಂದ ಹೋಗಿ ಮುಟ್ಟುವ ಹಾಗಿಲ್ಲ. ಬೆಚ್ಚಿದರೆ ಬೆರಳು ಒತ್ತುತ್ತದೆ.

ನಮ್ಮಲ್ಲೊಂದು ಕಟ್ಟಳೆ ಇದೆ. ಗುಂಡು ನಿಲ್ಲಿಸಿ ಅಂತ ಯಾರು ಬೇಕಾದರೂ ಕೂಗಬಹುದು. ಸಾಸೇಜು ಸುಡುವವಳು ಕೂಗಿದರೂ ಸರಿ. ಯಾಕೆ ಅಂತ ಕೇಳದೆ ಎಲ್ಲರೂ ಬೋಲ್ಟು ತೆರೆಯಬೇಕು. ಯಾಕೆ ಅನ್ನುವುದು ಆಮೇಲೆ. ಕಾರಣವಿಲ್ಲದೆ ಕೂಗಿದವರನ್ನು ಮತ್ತೆ ಗೇಟಿನೊಳಗೆ ಬಿಡುವುದಿಲ್ಲ.

“ಗುಂಡು ನಿಲ್ಸಿ! ಗುಂಡು ನಿಲ್ಸೀ!”

ಮೊದಲ ಬೆಂಚಿನವನು ತಲೆಯೆತ್ತಿದ. ಬೋಲ್ಟು ತೆರೆದ, ತಾನೂ ಕೂಗಿದ. ಪಕ್ಕದವನು ಕೂಗಿದ. ಒಂದೊಂದೇ ಬೋಲ್ಟು ತೆರೆದುಕೊಳ್ಳುತ್ತ ಹೋಯಿತು. ಖಟಕ್, ಖಟಕ್...

ಅತ್ತೆ ಅಲ್ಲಾಡಲಿಲ್ಲ.

ಈ ಹೆಂಗಸು ಇಲ್ಲದಿದ್ದರೆ ನನಗೆ ಈ ಊರಿನಲ್ಲಿ ಯಾರೂ ಇಲ್ಲ ಅಂತ ಆಗ ಹೊಳೆಯಿತು.

ಕೊನೆಗೆ ಕೆನ್ನೆ ಮೇಲೆದ್ದಿತು. ಬೋಲ್ಟು ತೆರೆಯಿತು. ಹೊಡೆಯದ ತೋಟಾ ಟಣ್ ಅಂತ ಬೆಂಚಿನ ಮೇಲೆ ಬಿತ್ತು.

“ಯಾರು ಕೂಗಿದ್ದು?” ರೇಂಜು ನೋಡಿಕೊಳ್ಳುವ ಆರ್ವಿಲ್ ಓಡಿ ಬಂದ.

“ನಾನು.”

ಅತ್ತೆ ಕಿವಿಯ ಮುಚ್ಚಳ ತೆಗೆದು ನನ್ನನ್ನೇ ನೋಡಿದರು. “ನೀನಾ? ನನ್ನ ಗುರಿ ನೋಡ್ದೆಯೇನೇ? ಎಲ್ಲಾ ಗುಂಡೂ ಒಂದು ಬಿಸ್ಕತ್ತಿನಷ್ಟಗಲಕ್ಕೆ ಬಿದ್ದಿವೆ. ಇನ್ನೊಂದು ಹೊಡೆದಿದ್ರೆ ಗೆದ್ದಿದ್ದೆ.”

“ಆ ಕೇಸು ಸತ್ತಿದೆ ಅತ್ತೆ. ಡ್ವೇನ್ ಮೋಸ ಮಾಡಿದಾನೆ.”

“ಯಾವ ಕೇಸು? ನಾನು ನಮ್ಮ ದೇಶದ್ದೇ ಹೊಡೆಯೋದು,” ಅನ್ನುತ್ತ ಬಿದ್ದಿದ್ದ ತೋಟಾವನ್ನು ಮೆಲ್ಲಗೆ ಅಂಗೈಯಲ್ಲಿ ಮುಚ್ಚಿಕೊಂಡರು.

“ಹೌದಾ? ಬುಡ ತೋರ್ಸಿ ಹಾಗಾದ್ರೆ.”

ತೋರಿಸಲಿಲ್ಲ. ಕಿವಿ ಕೆಂಪಾಯಿತು. ಅಷ್ಟು ಹೊತ್ತಿಗೆ ಡ್ವೇನ್‌ನ ಗಾಡಿ ಬಂದು ನಿಂತಿತು. ಹುಬ್ಬಿನ ತುಂಬ ಅಕ್ರೋಟ್ ಪುಡಿ.

“ಇವಳಿಗೆ ತಲೆ ಕೆಟ್ಟಿದೆ,” ಅಂದ ಏದುಸಿರು ಬಿಡುತ್ತ. “ನನ್ನ ಶೆಡ್ಡಿಗೆ ನುಗ್ಗಿ ದಾಂಧಲೆ ಮಾಡಿದಾಳೆ. ಅದು ಒಮ್ಮೆ ಮಾತ್ರ ಹೊಡೆದ ಫಿನ್ಲೆಂಡಿನ ಹಿತ್ತಾಳೆ ಮಾರ್ಲಿಸ್. ನಮ್ಮಮ್ಮನ ಆಣೆ.”

ಜನ ಸೇರಿದರು. ಫಿನ್ಲೆಂಡಿನ ಹಿತ್ತಾಳೆ ಅನ್ನುವ ಮಾತು ಬಾಯಿಂದ ಬಾಯಿಗೆ ಹೋಗಿ ನಗು ಎದ್ದಿತು. ಅತ್ತೆಯ ಮರ್ಯಾದೆ ಅಲ್ಲಿಗೆ ಹೋಯಿತು.

ಶೆಡ್ಡಿನಿಂದ ತಂದ ಕೇಸು, ಬಗ್ಗಿಸಿದ ಕ್ಲಿಪ್ಪು ಎರಡನ್ನೂ ಮುಂದೆ ಹಿಡಿದೆ. “ನೀವೇ ನೋಡಿ.”

“ಇರಲಿ ಬಿಡು,” ಅಂದರು ಅತ್ತೆ. “ನಿನ್ನ ಕೈಲಿರೋ ಕೇಸು ಅವನ ಶೆಡ್ಡಿಂದೇ ಅನ್ನೋಕೆ ನಿನ್ನ ಮಾತು ನಂಬಬೇಕು, ನನ್ನ ತೋಟಾ ಗಟ್ಟಿ ಅನ್ನೋಕೆ ಅವನ ಮಾತು ನಂಬಬೇಕು. ಆರ್ವಿಲ್, ಎಲ್ಲರನ್ನೂ ಹಿಂದಕ್ಕೆ ಕಳ್ಸು.”

ಬೆಂಚಿನಿಂದ ಎದ್ದರು. ಮುಚ್ಚಿದ್ದ ಅಂಗೈ ಬಿಚ್ಚಿ ತೋಟಾವನ್ನು ರೈಫಲ್ಲಿನ ಪಕ್ಕ ಇಟ್ಟರು.

“ಬಾ ಡ್ವೇನ್. ಕೂತ್ಕೋ.”

“ನಾನ್ಯಾಕೆ?”

“ಒಮ್ಮೆ ಹೊಡೆದ ಹಿತ್ತಾಳೆ. ಗಟ್ಟಿ. ನಿಮ್ಮಮ್ಮನ ಆಣೆ. ನನ್ನ ಕೊನೇ ಗುಂಡು ನೀನೇ ಹೊಡಿ. ಗುರಿ ತಪ್ಪಿದ್ರೂ ಬೈಯೋದಿಲ್ಲ.”

ಡ್ವೇನ್ ಭುಜ ನೀವಿಕೊಂಡ.

“ನನ್ನ ಭುಜ ನೋಯ್ತಿದೆ ಮಾರ್ಲಿಸ್.”

“ಎಡಭುಜಕ್ಕೆ ಒತ್ಕೊಂಡು ಹೊಡಿ.”

“ಕಣ್ಣಿಗೆ ಪುಡಿ ಬಿದ್ದಿದೆ...”

“ನಂಗೆ ಇರೋದು ಒಂದೇ ಕಣ್ಣು. ನಿಂಗೆ ಎರಡಿದೆ. ಒಂದು ಹೋದ್ರೆ ಸಮ ಆಗ್ತೀವಿ.”

ಡ್ವೇನ್ ಬೆಂಚಿನ ತನಕ ಬಂದ. ಕೂತ. ತೋಟಾವನ್ನು ಒಳಗಿಟ್ಟ. ಬೋಲ್ಟು ಈ ಸಲ ಸಲೀಸಾಗಿ ಮುಚ್ಚಿತು. ಕೆನ್ನೆಯನ್ನು ಮಾತ್ರ ಹಿಡಿಗೆ ತಾಗಿಸಲಾರ. ಕತ್ತು ಹಿಂದಕ್ಕೇ ಹೋಗುತ್ತಿತ್ತು. ಹಣೆಯ ಬೆವರಿನಲ್ಲಿ ಪುಡಿ ಕಲಸಿ ಕೆಸರಾಯಿತು.

ಆಮೇಲೆ ಬೋಲ್ಟು ತೆರೆದು ತೋಟಾವನ್ನು ಹೊರಗೆ ಬೀಳಿಸಿದ.

“ಮದ್ದು ಸ್ವಲ್ಪ ಕಮ್ಮಿ ಹಾಕಿದ್ರೆ ಏನೂ ಆಗಲ್ಲ,” ಅಂದ. “ಓಸ್ಬಿಗೂ ಅದನ್ನೇ ಹೇಳಿದ್ದೆ ನಾನು.”

“ಮುಖಾನೇ ನೋಡಿಲ್ಲ ಅಂದಿದ್ಯಲ್ಲಪ್ಪ,” ಅಂದೆ.

ಮೂರನೇ ಬೆಂಚಿನಲ್ಲಿದ್ದವನು ಜಿಲ್ಲೆಯ ಪೊಲೀಸಿನವನು. ಇವತ್ತು ರಜೆ. ರಜೆ ಹಾಳಾದ ಸಿಟ್ಟಿನಲ್ಲೇ ಎದ್ದು ಬಂದು ಡ್ವೇನ್‌ನ ತೋಳು ಹಿಡಿದ. ಆರ್ವಿಲ್ ಅವರ ಹಿಂದೆಯೇ ಹೋದ, ತನ್ನ ರೈಫಲ್ಲು ರಿಪೇರಿಯಾಯಿತೋ ಇಲ್ಲವೋ ಅಂತ ಕೇಳುತ್ತ.

ಎಲ್ಲ ಚದುರಿದ ಮೇಲೆ ಅತ್ತೆ ನನ್ನ ಕೈಯಿಂದ ತಂತಿ ಕಿತ್ತುಕೊಂಡರು. ಆಗಷ್ಟೇ ಹೊಡೆದು ಮುಗಿಸಿದ್ದ ತಮ್ಮದೇ ಕೇಸಿನೊಳಗೆ ಇಳಿಸಿ ಎಳೆದರು. ತಡೆಯಿತು. ಹೊರಗಡೆಯೂ ಬುಡದ ಹತ್ತಿರ ಕೂದಲೆಳೆಯಷ್ಟು ಬಿರುಕು. ಮುಂದಿನ ಗುಂಡಿನ ಬೆಂಕಿ ಯಾವ ಕಡೆ ಹೋಗುತ್ತಿತ್ತು ಅಂತ ಇಬ್ಬರಿಗೂ ಗೊತ್ತಾಯಿತು. ಅವರು ಬೆಂಚಿನ ಮೇಲೆ ಕುಸಿದು ಕೂತರು. ನಾನು ಪಕ್ಕದಲ್ಲಿ ಕೂತೆ. ಅವರ ಕೈ ತಣ್ಣಗಿತ್ತು, ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ.

“ಮ್ಯಾಚು ಹೋಯ್ತು,” ಅಂದರು.

“ಕಣ್ಣು ಉಳೀತಲ್ಲ ಅತ್ತೆ.”

“ಉಳೀತು.” ಆ ಕಣ್ಣಿನಿಂದ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಇನ್ನು ಸಾಯೋವರೆಗೂ ನಿನ್ನ ಮುಖ ನೋಡ್ಬೇಕಲ್ಲೇ, ಅದೇ ಕಷ್ಟ.”